ಕರ್ಪೂರವನ್ನು ಯಾರೂ ಬೆಂಕಿ ಎನ್ನಲಿಲ್ಲ

ನಮ್ಮ ಮನೆಗೆ ಬಂದವರು ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದರು, ಆಮೇಲೆ ಚಪ್ಪಲಿ ಬಿಡುತ್ತಿದ್ದರು. ತುಮಕೂರಿನ ಬಟವಾಡಿಯಲ್ಲಿ ಹೆದ್ದಾರಿಗೆ ಮುಖ ಮಾಡಿದ್ದ ಹೆಂಚಿನ ಮನೆ. ಮುಂದೆ ಎರಡು ಬಾಗಿಲಿನ ತಗಡಿನ ಗೇಟು, ಗೇಟಿನೊಳಗೆ ಅಂಗಳ, ಅಂಗಳದ ತುಂಬ ಅಪ್ಪನ ಲಾರಿ. ಲಾರಿ ಮನೆಯಲ್ಲಿದ್ದ ದಿನ ನಡುಮನೆಗೆ ಬೆಳಕು ಬರುತ್ತಿರಲಿಲ್ಲ. ಹಗಲಲ್ಲೇ ಲೈಟು ಹಾಕಿಕೊಂಡು ಓದಬೇಕಾಗಿತ್ತು. ಆ ನಡುಮನೆಯ ಮೂಲೆಯಲ್ಲೇ ಪೆಟ್ರೋಲಿನ ಡ್ರಮ್ಮು ನಿಂತಿತ್ತು. ಅದರ ಮೇಲೆ ನಮ್ಮ ಹಾಸಿಗೆಗಳನ್ನು ಮಡಿಸಿ ಇಡುತ್ತಿದ್ದರು. ಪಕ್ಕದಲ್ಲಿ ಹಗ್ಗದ ಸುರುಳಿ, ಟಾರ್ಪಾಲು, ಸವೆದ ಟೈರು. ರಾತ್ರಿ ಹಾಸಿಗೆ ಬಿಡಿಸಿದರೆ ದಿಂಬಿಗೂ ಪೆಟ್ರೋಲಿನ ವಾಸನೆ. ಮುದ್ದೆಗೂ ಸಾರಿಗೂ ಅದೇ ವಾಸನೆ ಇದೆ ಎಂದು ನಾನು ಹಟ ಮಾಡಿದರೆ ಅಜ್ಜಿ, ಅಂದರೆ ಅಪ್ಪನ ಅಮ್ಮ, "ಅದು ಅನ್ನ ಕೊಡೋ ವಾಸ್ನೆ ಕಣೇ" ಎಂದು ತಲೆಗೆ ಮೊಟಕುತ್ತಿದ್ದಳು. ಮನೆ ಎಂದರೆ ಜನ ಇರುವ ಜಾಗ, ಲಾರಿಯನ್ನು ಹೊರಗೆ ನಿಲ್ಲಿಸಬೇಕು ಎಂದು ಆ ಮನೆಯಲ್ಲಿ ಹೇಳುತ್ತಿದ್ದವಳು ಅಮ್ಮ ಒಬ್ಬಳೇ. ಲಾರಿಯ ಮನೆಯಲ್ಲಿ ನಾವೆಲ್ಲ ಬಾಡಿಗೆಗಿದ್ದೇವೆ ಎನ್ನುವಂತೆ ಉಳಿದವರು ನಡೆದುಕೊಳ್ಳುತ್ತಿದ್ದರು.

ಅದು ಹಳೆಯ ಕಾಲದ ಪೆಟ್ರೋಲು ಲಾರಿ. ಮಿಲಿಟರಿಯವರು ಹರಾಜು ಹಾಕಿದ್ದು ಎಷ್ಟೋ ಕೈ ದಾಟಿ ಅಪ್ಪನಿಗೆ ಬಂದಿತ್ತು. ಊರಿನ ಬೇರೆ ಮಾಲೀಕರೆಲ್ಲ ಡೀಸೆಲಿಗೆ ಹೋಗಿದ್ದರೂ ಅಪ್ಪ ಮಾತ್ರ ಅದನ್ನು ಬಿಟ್ಟಿರಲಿಲ್ಲ. ಹಾಗಲವಾಡಿ ಕಡೆಯಿಂದ ತೆಂಗಿನಕಾಯಿ ತುಂಬಿಕೊಂಡು ತುಮಕೂರಿನ ಮಂಡಿಗೆ ಹಾಕುವುದು ಅದರ ಕೆಲಸ. ಸ್ಟೀರಿಂಗಿಗೆ ಅಪ್ಪ, ಜೊತೆಗೆ ಅಪ್ಪನ ತಮ್ಮ ರುದ್ರೇಶ ಚಿಕ್ಕಪ್ಪ. ಒಂದು ಸಲ ಗುಬ್ಬಿ ದಾಟುವ ಹೊತ್ತಿಗೆ ಲಾರಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತಂತೆ. ಟ್ಯಾಂಕಿನ ಪೆಟ್ರೋಲನ್ನು ಎಳೆದು ಎಂಜಿನ್ನಿಗೆ ಕೊಡುವ, ಅಂಗೈಯಲ್ಲಿ ಹಿಡಿಸುವಷ್ಟೇ ಗಾತ್ರದ ಪಂಪು ಕೈಕೊಟ್ಟಿತ್ತು. ಅದರೊಳಗಿನ ಪೊರೆ ಹರಿದಿತ್ತು. ಆ ಕಾಲದ ಡ್ರೈವರುಗಳಿಗೆ ಅದಕ್ಕೊಂದು ಉಪಾಯ ಗೊತ್ತಿತ್ತು. ಒಂದು ಡಬ್ಬದಲ್ಲಿ ಪೆಟ್ರೋಲು ತುಂಬಿ ಕ್ಯಾಬಿನ್ನಿನ ನೆತ್ತಿಯ ಮೇಲಿಟ್ಟು, ರಬ್ಬರ್ ಪೈಪಿನಲ್ಲಿ ನೇರವಾಗಿ ಎಂಜಿನ್ನಿಗೆ ಇಳಿಸುವುದು. ಪಂಪಿನ ಕೆಲಸವನ್ನು ಎತ್ತರವೇ ಮಾಡುತ್ತದೆ. ಗುಬ್ಬಿಯಿಂದ ಬಟವಾಡಿಯವರೆಗೆ ಚಿಕ್ಕಪ್ಪ ಕ್ಯಾಬಿನ್ನಿನ ಮೇಲೆ ಆ ಡಬ್ಬವನ್ನು ತಬ್ಬಿಕೊಂಡು ಕೂತು ಬಂದಿದ್ದ. ಗೇಟು ತೆಗೆಯಲು ಹೋದ ಅಮ್ಮ ತಲೆಯೆತ್ತಿ ಅವನನ್ನು ನೋಡಿ ಅಲ್ಲೇ ನಿಂತುಬಿಟ್ಟಳು.

"ತಲೆ ಮೇಲೆ ಪೆಟ್ರೋಲ್ ಇಟ್ಕೊಂಡ್ ಬಂದ್ರಾ?"

"ಶಿವ ತಲೆ ಮೇಲೆ ಗಂಗೆ ಇಟ್ಕೊಂಡಿಲ್ವೇನೇ?" ಎಂದ ಅಪ್ಪ.

"ಗಂಗೆಗೆ ಕಿಡಿ ಬಿದ್ರೆ ಕಿಡಿನೇ ಆರುತ್ತೆ. ಇದಕ್ ಬಿದ್ರೆ?"

ಅಪ್ಪ ನಕ್ಕ. ಚಿಕ್ಕಪ್ಪನೂ ನಕ್ಕ. ಜೋರಾಗಿ ನಗುವುದು ನಮ್ಮ ಮನೆಯ ಗಂಡಸರ ಉತ್ತರ. ಅಮ್ಮ ಕೇಳಿದ ಪ್ರಶ್ನೆಗಳಿಗೆಲ್ಲ ನಕ್ಕು ನಕ್ಕೇ ಅವರು ಉತ್ತರ ಕೊಟ್ಟದ್ದು. ಈಗ ಆ ನಗು ನೆನಪಾದರೆ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

ಹೊಸ ಪಂಪನ್ನು ಪೇಟೆಯಿಂದ ತಂದದ್ದಾಯಿತು. ಗ್ಯಾರೇಜಿಗೆ ಒಯ್ಯಿರಿ ಎಂದು ಅಮ್ಮ ಹೇಳಿಯೇ ಹೇಳಿದಳು. ಗ್ಯಾರೇಜಿನವನು ಒಂದು ಸಲ ಕೈಯಿಟ್ಟರೆ ಲಾರಿ ಅವನದಾಗುತ್ತದೆ ಎನ್ನುವುದು ಅಪ್ಪನ ವಾದ. ಅಂಗಳದಲ್ಲೇ ಬಿಚ್ಚುವುದೆಂದು ತೀರ್ಮಾನವಾಯಿತು. ಆ ದಿನ ಬೆಳಗ್ಗೆ ಎಲ್ಲರ ಸ್ನಾನ ಮುಗಿಯುತ್ತಿದ್ದಂತೆ ಅಮ್ಮ ಹಂಡೆ ಒಲೆಯ ಕೊಳ್ಳಿಗಳನ್ನು ಹೊರಗೆಳೆದು ನೀರು ಹುಯ್ದಳು. ಅಡುಗೆಮನೆಯ ಒಲೆಯ ಕೆಂಡಕ್ಕೂ ಚೊಂಬಿನಿಂದ ನೀರು ಬಿತ್ತು. ಬೂದಿ ಮೇಲೆದ್ದು ಅವಳ ಮುಖವೆಲ್ಲ ಬೆಳ್ಳಗಾಯಿತು. ಸೀಮೆಎಣ್ಣೆ ಸ್ಟೌವನ್ನು ಹಿತ್ತಲಿಗೆ ಹೊರಹಾಕಿದಳು. ದೇವರ ಮನೆಯ ದೀಪಕ್ಕೆ ಎಣ್ಣೆ ಹಾಕಲಿಲ್ಲ. ಆವತ್ತು ಮಧ್ಯಾಹ್ನ ನಾವೆಲ್ಲ ಮೊಸರವಲಕ್ಕಿ ತಿಂದೆವು. ಒಲೆ ಹಚ್ಚದ ಮನೆ ಸಾವಿನ ಮನೆಯಲ್ಲವೇ ಎಂದು ಅಜ್ಜಿ ಗೊಣಗಿದಳು. ಅಪ್ಪ ತಟ್ಟೆಯನ್ನು ದೂಡಿ, "ಲಾರಿ ಓನರ್ ಮನೇಲಿ ಊಟಕ್ಕೆ ಅವಲಕ್ಕಿ" ಎಂದು ಹಂಗಿಸಿದ. ಅಮ್ಮ ಜಗ್ಗಲಿಲ್ಲ.

ಅಪ್ಪನಿಗೆ ಪೆಟ್ರೋಲೆಂದರೆ ಏನೆಂದು ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬಾರದು. ಆ ಸಮಾಧಾನವನ್ನು ನಾನು ಅವನಿಗೆ ಕೊಡುವುದಿಲ್ಲ. ಕೆಲಸ ಶುರುವಾಗುವ ಮುಂಚೆ ಚಿಕ್ಕಪ್ಪನ ಜೇಬಿನಿಂದ ಬೀಡಿ ಕಟ್ಟನ್ನೂ ಬೆಂಕಿಪೊಟ್ಟಣವನ್ನೂ ಕಿತ್ತು ಕಾಂಪೌಂಡಿನಾಚೆ ಎಸೆದದ್ದು ಅಪ್ಪನೇ.

"ಇವತ್ತು ಸೇದ್ಬೇಕು ಅನ್ಸಿದ್ರೆ ಪಕ್ಕದೂರು ಕೋರಕ್ ಹೋಗಿ ಸೇದ್ಕೊಂಡ್ ಬಾ. ಈ ಅಂಗಳದಲ್ಲಿ ಕಿಡಿ ಕಂಡ್ರೆ ಕೈ ಮುರೀತೀನಿ."

ಹಾಗೆಂದ ಬಾಯಿ ಅದು. ಬಾನೆಟ್ಟಿನ ಒಂದು ಪಕ್ಕವನ್ನು ಮೇಲೆತ್ತಿ ಕಟ್ಟಿದರು. ಪೈಪು ಬಿಚ್ಚಿದಾಗ ಹರಿದ ಪೆಟ್ರೋಲನ್ನು ತಡೆಯಲು ಅದರ ಬಾಯಿಗೆ ಬಟ್ಟೆ ಸೋಪು ಮೆತ್ತಿದರು. ಹಳೆಯ ಪಂಪಿನ ಬೋಲ್ಟುಗಳು ತುಕ್ಕು ಹಿಡಿದಿದ್ದವು; ಸುತ್ತಿಗೆಯಿಂದ ಹೊಡೆಯಲು ಹೋದ ಚಿಕ್ಕಪ್ಪನನ್ನು ಕಿಡಿ ಹಾರುತ್ತದೆಂದು ಅಪ್ಪ ಬೈದ. ಹೊಸ ಪಂಪಿಗೂ ಎಂಜಿನ್ನಿಗೂ ನಡುವೆ ಕೂರಿಸಲು ಕೊಟ್ಟಿದ್ದ ತೆಳು ಕಾಗದದ ಪ್ಯಾಕಿಂಗು ಕೈಯಲ್ಲೇ ಹರಿಯಿತು. ಬದಲಿಗೆ ಯಾರದೋ ಮದುವೆ ಪತ್ರಿಕೆಯ ದಪ್ಪ ಕಾಗದವನ್ನು ಬ್ಲೇಡಿನಲ್ಲಿ ಕತ್ತರಿಸಿ ಗ್ರೀಸು ಸವರಿ ಕೂರಿಸಿದರು. "ಗಂಡು ಹೆಣ್ಣು ಇಬ್ರೂ ಎಂಜಿನ್ನಿಗೆ ಅಂಟ್ಕೊಂಡ್ರು ಬಿಡು" ಎಂದು ಚಿಕ್ಕಪ್ಪ ಹೇಳಿದ್ದು ನೆನಪಿದೆ. ನಾನೂ ತಂಗಿಯೂ ಹೊಸ್ತಿಲ ಮೇಲೆ ಕೂತು ನಕ್ಕೆವು. ತಂಗಿ ಇನ್ನೂ ಮಾತು ಕಲಿಯುತ್ತಿದ್ದ ಕೂಸು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ಪಂಪು ಕೂರಿಸಿದ ಮೇಲೆ ಪೆಟ್ರೋಲು ಏರಲೆಂದು ಚಿಕ್ಕಪ್ಪ ಲಾರಿಯ ಮುಂದೆ ನಿಂತು ಎಂಜಿನ್ನಿಗೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿದ. ಎಲ್ಲೋ ಒಂದು ಜಾಯಿಂಟು ಸರಿಯಾಗಿ ಬಿಗಿದಿರಲಿಲ್ಲ. ಪೆಟ್ರೋಲು ಪಂಪಿನ ಮೈಮೇಲೆಲ್ಲ ಜಿನುಗಿ ಕೆಳಗಿನ ತಗಡಿನ ತಗ್ಗಿನಲ್ಲಿ ನಿಂತಿತು. ಅಪ್ಪ ಸ್ಪಾನರ್ ಹಾಕಿ ಬಿಗಿ ಮಾಡಿದ, ನಿಂತದ್ದನ್ನು ಹಳೇ ಬನಿಯನ್ನಿನಿಂದ ಒರೆಸಿದ, ನೆನೆದ ಬನಿಯನ್ನನ್ನು ಅಲ್ಲೇ ಮಡ್‌ಗಾರ್ಡಿನ ಮೇಲೆ ಬಿಟ್ಟ. ಅಂಗಳದಲ್ಲಿ ಗಾಳಿ ಇರಲಿಲ್ಲ. ವಾಸನೆಗೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಎಂಜಿನ್ ಒಮ್ಮೆ ಗುರ್ ಎಂದು ಇನ್ನೇನು ಹಿಡಿಯಬೇಕು, ಅಪ್ಪ ಕೈ ಅಡ್ಡ ಹಿಡಿದ.

"ತಡೀಲಾ ರುದ್ರ. ಹಂಗೇ ಸ್ಟಾರ್ಟ್ ಮಾಡ್ತಾರಾ? ಹೊಸ ಸಾಮಾನು."

ನಮ್ಮ ಮನೆಗೆ ಹೊಸ ಸಾಮಾನು ಬಂದರೆ ಅದನ್ನು ಬಳಸುವ ಮುಂಚೆ ಮನೆಯ ಸೊಸೆ ಆರತಿ ಎತ್ತಬೇಕು. ಒರಳಿಗೂ ಸರಿ, ಹೊಲಿಗೆ ಮಿಷಿನ್ನಿಗೂ ಸರಿ. ಲಾರಿಗೆ ಟೈರು ಬಂದರೆ ಟೈರಿಗೆ, ಬ್ಯಾಟರಿ ಬಂದರೆ ಬ್ಯಾಟರಿಗೆ. ಅಮಾವಾಸ್ಯೆ ಪೂಜೆ ಬಾನೆಟ್ಟಿನ ಮುಂದೆ ನಡೆಯುತ್ತಿತ್ತು; ಹೊಸ ಸಾಮಾನಿನ ಆರತಿಯನ್ನು ಮಾತ್ರ ಆ ಸಾಮಾನಿಗೇ ಹತ್ತಿರ ಹಿಡಿದು ತೋರಿಸಬೇಕಿತ್ತು. ಅಜ್ಜಿ ಆಗಲೇ ಹಿತ್ತಾಳೆ ತಟ್ಟೆಯಲ್ಲಿ ವಿಭೂತಿ, ಕುಂಕುಮ, ಎರಡು ಬಿಲ್ಲೆ ಕರ್ಪೂರ ಇಟ್ಟುಕೊಂಡು ಬಂದಿದ್ದಳು. ಬೆಂಕಿಪೊಟ್ಟಣ ಅವಳ ಸೊಂಟದಲ್ಲಿತ್ತು. ಚಿಕ್ಕಪ್ಪನ ಪೊಟ್ಟಣ ಎಸೆದಿದ್ದ ಅಪ್ಪ ಇದನ್ನು ಕಂಡು ಏನೂ ಅನ್ನಲಿಲ್ಲ.

"ಬಾರಮ್ಮ ಪಾರ್ವತಿ. ಆ ಹಳೇ ನೂಲಿನ ಸೀರೇಲೇ ಎತ್ತೀಯಾ? ನೈಲಾನ್ ಸೀರೆ ಉಟ್ಕೊಂಡ್ ಬಾ ಹೋಗು" ಎಂದಳು ಅಜ್ಜಿ.

ಅಮ್ಮ ಸೀರೆ ಬದಲಾಯಿಸಿಕೊಂಡು ಬಂದಳು. ಆದರೆ ತಟ್ಟೆ ಮುಟ್ಟಲಿಲ್ಲ.

"ರೀ, ವಾಸ್ನೆ ನೋಡಿ ಹೆಂಗ್ ಹೊಡೀತಾ ಇದೆ. ಸ್ವಲ್ಪ ಆರ್ಲಿ. ಸಂಜೆ ಎತ್ತಿದ್ರಾಯ್ತು."

"ಸಂಜೆ ಹಾಗಲವಾಡೀಲಿರ್ಬೇಕು ನಾನು."

"ಪೆಟ್ರೋಲ್ ಹತ್ರ ಬೆಂಕಿ ಹಿಡಿ ಅಂತೀರಲ್ಲ!"

"ಬೆಂಕಿ ಯಾರ್ ಹಿಡಿ ಅಂದ್ರು? ಮಂಗಳಾರತಿ ಕಣೇ ಅದು. ಬೀಡಿನಾ?"

"ಮಂಗಳಾರತಿನ ಬೆಂಕಿ ಅಂತಾಳಲ್ಲಪ್ಪಾ ಇವಳು, ಶಿವನೇ" ಎಂದು ಅಜ್ಜಿ ಗಲ್ಲ ಬಡಿದುಕೊಂಡಳು. "ಬೆಳಗ್ಗೆ ಒಲೆ ಆರಿಸಿದ್ಲು, ಈಗ ಆರತಿನೂ ಬೇಡ ಅಂತಾಳೆ. ಈ ಮನೇಲಿ ಇನ್ನೇನ್ ಉಳೀಬೇಕು?"

ಅಪ್ಪನ ಮುಖ ಕೆಂಪಾಯಿತು. ಅವನ ಅಮ್ಮನ ಮುಂದೆ, ತಮ್ಮನ ಮುಂದೆ ಹೆಂಡತಿ ಆಗದು ಎಂದಿದ್ದಳು. ಆ ಕ್ಷಣದಲ್ಲಿ ಅವನು ಪೆಟ್ರೋಲಿನ ಬಗ್ಗೆ ಯೋಚಿಸುತ್ತಲೇ ಇರಲಿಲ್ಲ, ನನಗೆ ಗೊತ್ತು. "ಎತ್ತೇ ಅಂದ್ರೆ ಎತ್ಬೇಕು" ಎಂದು ಕಿರುಚಿ ತಟ್ಟೆಯನ್ನು ಅಜ್ಜಿಯ ಕೈಯಿಂದ ಕಿತ್ತು ಅಮ್ಮನ ಕೈಗೆ ತುರುಕಿದ. ಅಜ್ಜಿ ಕಡ್ಡಿ ಗೀರಿದಳು.

ಅಮ್ಮ ತೋಳನ್ನು ಆದಷ್ಟು ಉದ್ದ ಚಾಚಿ, ಮೈಯನ್ನು ಹಿಂದಕ್ಕೆ ಬಾಗಿಸಿ ತಟ್ಟೆಯನ್ನು ಎಂಜಿನ್ನಿನ ಕಡೆಗೆ ಒಯ್ದಳು. ಅದು ಪಂಪನ್ನು ಮುಟ್ಟುವ ಮುಂಚೆಯೇ, ಒಂದು ಮೊಳ ದೂರ ಇರುವಾಗಲೇ, ಗಾಳಿಯೇ ಹತ್ತಿಕೊಂಡಿತು. ಭಗ್ ಎನ್ನುವ ಸದ್ದು ಅಷ್ಟು ದೊಡ್ಡದೇನೂ ಇರಲಿಲ್ಲ. ನೀಲಿ ಬಣ್ಣದ್ದು ಏನೋ ಎಂಜಿನ್ನಿನಿಂದ ಹೊರಕ್ಕೆ ಹಾರಿ ಅಮ್ಮನ ಬಲಗೈಯನ್ನು ನುಂಗಿತು. ಬನಿಯನ್ನು ಹತ್ತಿಕೊಂಡಿತು, ತಗಡಿನ ತಗ್ಗು ಹತ್ತಿಕೊಂಡಿತು, ಸೆರಗು ಹತ್ತಿಕೊಂಡಿತು. ನೈಲಾನು ನೂಲಿನ ಹಾಗೆ ಉರಿಯುವುದಿಲ್ಲ. ಕರಗಿ ಚರ್ಮಕ್ಕೆ ಅಂಟಿಕೊಂಡು ಉರಿಯುತ್ತದೆ. ಅಮ್ಮ ಕಿರುಚಲೂ ಇಲ್ಲ. ತಟ್ಟೆಯನ್ನು ಎಸೆಯದೆ, ದೂರ ಹಿಡಿದುಕೊಂಡೇ ನಮ್ಮ ಕಡೆಯಿಂದ ಆಚೆಗೆ, ಕಾಂಪೌಂಡಿನ ಕಡೆಗೆ ಓಡಿದಳು. ಹೊಸ್ತಿಲ ಮೇಲೆ ನಾವಿದ್ದೆವಲ್ಲ, ಅದಕ್ಕೆ. ಚಿಕ್ಕಪ್ಪ ಹ್ಯಾಂಡಲ್ ಬಿಸಾಕಿ ಗೋಣಿಚೀಲಗಳನ್ನು ಎಳೆದುಕೊಂಡು ಅವಳ ಮೇಲೆ ಬಿದ್ದು ಅಮುಕಿದ.

ಅಪ್ಪ ಲಾರಿಯ ಕಡೆಗೆ ಓಡಿದ. ಕಟ್ಟಡದ ಕೆಲಸಕ್ಕೆಂದು ಮೂಲೆಯಲ್ಲಿ ರಾಶಿ ಹಾಕಿದ್ದ ಮರಳನ್ನು ಬಾಂಡಲಿಯಲ್ಲಿ ಎತ್ತೆತ್ತಿ ಎಂಜಿನ್ನಿನ ಮೇಲೆ ಸುರಿದ. ಹೆಂಡತಿ ಉರಿಯುತ್ತಿದ್ದಾಗ ಅವನು ಲಾರಿ ಆರಿಸಿದ. ಟ್ಯಾಂಕ್ ಹತ್ತಿದ್ದರೆ ಯಾರೂ ಉಳಿಯುತ್ತಿರಲಿಲ್ಲ ಎಂದು ಆಮೇಲೆ ಸಾವಿರ ಸಲ ಹೇಳಿದ್ದಾನೆ. ಅದು ನಿಜ. ಮುಂದೆ ನಾನು ಇದೇ ಊರಿನಲ್ಲಿ ಬಿಎಸ್ಸಿ ಓದಿದೆ. ಪೆಟ್ರೋಲು ಉರಿಯುವುದಕ್ಕಿಂತ ಮೊದಲು ಅದರ ಆವಿ ಉರಿಯುತ್ತದೆ, ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದಾಡುತ್ತದೆ ಎಂದು ಕೆಮಿಸ್ಟ್ರಿ ಮೇಷ್ಟ್ರು ಪಾಠ ಮಾಡುತ್ತಿದ್ದಾಗ ನಾನು ಕ್ಲಾಸಿನಿಂದ ಎದ್ದು ಹೊರಗೆ ಹೋಗಿ ವಾಂತಿ ಮಾಡಿಕೊಂಡಿದ್ದೇನೆ. ಅಂಗಳ, ಹೊಸ್ತಿಲು, ಹೊಸ್ತಿಲ ಮೇಲೆ ತಂಗಿ, ಅವಳ ಬೆನ್ನ ಹಿಂದೆ ನಡುಮನೆ, ಅಲ್ಲಿ ಡ್ರಮ್ಮು. ಇವತ್ತಿಗೂ ಕಣ್ಣು ಮುಚ್ಚಿದರೆ ಆ ನೀಲಿ ನೆಲದ ಮೇಲೆ ಹೊಸ್ತಿಲ ಕಡೆಗೆ ಹರಿದು ಬರುತ್ತದೆ. ಆವತ್ತು ಬರಲಿಲ್ಲ, ಆದರೆ ನನ್ನೊಳಗೆ ಬರುತ್ತಲೇ ಇದೆ. ಅಪ್ಪ ಮರಳು ಸುರಿದದ್ದರಿಂದಲೇ ನಾನು ಬದುಕಿರಬಹುದು. ಲೆಕ್ಕ ಸರಿಯಾಗಿಯೇ ಇದೆ. ಆದರೂ ಅವನು ಓಡಿದ ದಿಕ್ಕನ್ನು ನಾನು ಕ್ಷಮಿಸಿಲ್ಲ. ಸರಿಯಾದ ಬುದ್ಧಿ ಅಷ್ಟು ಬೇಗ ಓಡುವುದಾಗಿದ್ದರೆ, ಅಮ್ಮ ವಾಸನೆ ಎಂದಾಗಲೇ ಓಡಬಹುದಿತ್ತು.

ಸದ್ದಿಗೋ ಹೊಗೆಗೋ ಅಕ್ಕಪಕ್ಕದವರು ಗೇಟು ಬಡಿದರು. ಅಪ್ಪ ಗೇಟನ್ನು ಅರ್ಧ ಮಾತ್ರ ತೆರೆದು ಅಡ್ಡ ನಿಂತ.

"ಏನಿಲ್ಲ, ಸ್ಟೌ ಸಿಡೀತು. ಸೆರಗಿಗೆ ಹತ್ಕೊಳ್ತು. ಆಟೋ ಕರೀರಿ."

ಅಷ್ಟು ಬೇಗ ಆ ಮಾತು ಅವನಿಗೆ ಎಲ್ಲಿಂದ ಹೊಳೆಯಿತೋ. ಮನೆಯಲ್ಲಿ ಡ್ರಮ್ಮುಗಟ್ಟಲೆ ಪೆಟ್ರೋಲು ಇಟ್ಟದ್ದು ತಿಳಿದರೆ ಪೊಲೀಸರು ಬರುತ್ತಾರೆ, ಲಾರಿ ಹಿಡಿದುಕೊಂಡು ಹೋಗುತ್ತಾರೆ ಎಂಬ ಭಯ. ಆ ಕಾಲದಲ್ಲಿ ಸುಟ್ಟ ಹೆಂಗಸರೆಲ್ಲ ಸ್ಟೌ ಸಿಡಿದೇ ಸುಡುತ್ತಿದ್ದರು. ಕೇಳುವವರಿಗೂ ಬೇರೆ ಕಾರಣ ಬೇಕಾಗಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಅದನ್ನೇ ಹೇಳಿದ, ಅಲ್ಲಿಗೆ ಬಂದ ಕಾನ್‌ಸ್ಟೇಬಲ್ಲಿಗೂ ಅದನ್ನೇ ಹೇಳಿದ. ಡಾಕ್ಟರು ಅಪ್ಪನನ್ನು ಹೊರಗೆ ಕಳಿಸಿ ಅಮ್ಮನನ್ನೇ ಕೇಳಿದರು. ನಾನು ಮಂಚದ ಪಕ್ಕದಲ್ಲಿದ್ದೆ.

"ಹೇಳಮ್ಮ, ಹೆದರ್ಬೇಡ. ಹೆಂಗಾಯ್ತು?"

ಅಮ್ಮ ನನ್ನನ್ನು ನೋಡಿದಳು. ಆಮೇಲೆ ಗೋಡೆ ನೋಡಿದಳು.

"ಸ್ಟೌ ಸಾರ್."

ಅಪ್ಪನ ಮೇಲಿನ ಸಿಟ್ಟು ನನಗೆ ಅಂಗಳದಲ್ಲೇ ಹುಟ್ಟಿತ್ತು. ಅಮ್ಮನ ಮೇಲಿನದು ಹುಟ್ಟಿದ್ದು ಅಲ್ಲಿ. ಹಿತ್ತಲಲ್ಲಿ ಬಿದ್ದಿದ್ದ ತಣ್ಣಗಿನ ಸ್ಟೌವಿನ ಮೇಲೆ ಅವಳು ತಪ್ಪು ಹೊರಿಸಿದ್ದಳು. ಅಂದರೆ ತನ್ನ ಮೇಲೆಯೇ ಹೊರಿಸಿಕೊಂಡಿದ್ದಳು. ನೋಡಲು ಬಂದ ನೆಂಟರೆಲ್ಲ ಹಣ್ಣಿನ ಚೀಲವನ್ನು ಮಂಚದ ಕೆಳಗಿಟ್ಟು ಬುದ್ಧಿ ಹೇಳತೊಡಗಿದರು. ಸೆರಗು ಸಿಕ್ಕಿಸಿಕೊಂಡು ಅಡುಗೆ ಮಾಡಬೇಕು. ಸ್ಟೌವಿಗೆ ಅಷ್ಟು ಗಾಳಿ ಹಾಕಬಾರದು. ಹೆಂಗಸರಿಗೆ ಮೈಮೇಲೆ ಎಚ್ಚರ ಇರಬೇಕು. ಬೆಳಗ್ಗೆ ಮನೆಯ ಒಂದೊಂದು ಕೆಂಡವನ್ನೂ ಹುಡುಕಿ ಆರಿಸಿದವಳಿಗೆ ಎಚ್ಚರದ ಪಾಠ! ಅಪ್ಪ ಪಕ್ಕದಲ್ಲಿ ನಿಂತು ಹೂಂಗುಟ್ಟುತ್ತಿದ್ದ. ಒಳಗಿನ ಸತ್ಯ ಗೊತ್ತಿದ್ದ ಅಜ್ಜಿಯದು ಇನ್ನೊಂದು ಕತೆ: ಮನಸ್ಸಿಲ್ಲದೆ ಆರತಿ ಎತ್ತಿದ್ದಕ್ಕೆ ಸ್ವಾಮಿ ಮುನಿದ. ಹೀಗೆ ಹೊರಗಿನವರಿಗೆ ಅಮ್ಮ ದಡ್ಡಿ, ಒಳಗಿನವರಿಗೆ ಪಾಪಿ. ಪಂಪು ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಸುಟ್ಟ ವೈರುಗಳನ್ನು ಬದಲಾಯಿಸಿ ಅಪ್ಪ ಲಾರಿಯನ್ನು ಆಗಲೇ ರಸ್ತೆಗೆ ಬಿಟ್ಟಿದ್ದ.

ಒಂದು ಮಧ್ಯಾಹ್ನ ವಾರ್ಡಿನಲ್ಲಿ ಯಾರೂ ಇಲ್ಲದಾಗ ಕೇಳಿಯೇಬಿಟ್ಟೆ.

"ಯಾಕಮ್ಮ ಸುಳ್ಳು ಹೇಳ್ದೆ?"

"ನಿಮ್ಮಪ್ಪನ್ನ ಎಳ್ಕೊಂಡ್ ಹೋದ್ರೆ ಈ ಕೈಲಿ ನಿಮ್ಮನ್ನ ಸಾಕ್ಲಾ ನಾನು?"

"ಹಂಗಾದ್ರೆ ಯಾವತ್ತೂ ಹೇಳಲ್ವಾ?"

ಅಮ್ಮ ಬಲಗೈಯನ್ನು ಎದೆಯ ಮೇಲಕ್ಕೆ ಎಳೆದುಕೊಂಡಳು. ಬ್ಯಾಂಡೇಜಿನೊಳಗೆ ಅವಳ ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು ಎನ್ನುವುದು ಆಗ ನಮಗೆ ತಿಳಿದಿರಲಿಲ್ಲ. ಕೊನೆಗೆ ಉಳಿದದ್ದು ಹೆಬ್ಬೆರಳೊಂದೇ. ಮಿಕ್ಕವು ಅಂಗೈಗೆ ಮಡಿಸಿಕೊಂಡು ಹಾಗೇ ಗಟ್ಟಿಯಾದವು. ಆಮೇಲೆ ಅವಳು ಎಡಗೈಯಲ್ಲಿ ಮುದ್ದೆ ಕಟ್ಟುವುದನ್ನು ಕಲಿತಳು. ಎಡಗೈಯಲ್ಲಿ ಬಡಿಸಬಾರದೆಂದು ಅಜ್ಜಿ ತಟ್ಟೆ ತಿರುಗಿಸಿಕೊಳ್ಳುತ್ತಿದ್ದಳು.

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬಂದ ಮೊದಲ ಅಮಾವಾಸ್ಯೆ. ಲಾರಿ ತೊಳೆದು ಬಾನೆಟ್ಟಿಗೆ ವಿಭೂತಿ ಬಳಿದಿದ್ದರು, ಗಾಲಿಗಳಡಿ ನಿಂಬೆಹಣ್ಣು ಇಟ್ಟಿದ್ದರು. ಪೂಜೆಯಾದ ಕೂಡಲೇ ಹೊರಡಬೇಕಾಗಿದ್ದರಿಂದ ಗೇಟಿನ ಎರಡೂ ಬಾಗಿಲು ತೆರೆದಿದ್ದವು. ಅಜ್ಜಿ ಕರ್ಪೂರದ ತಟ್ಟೆಯನ್ನು ಅಮ್ಮನ ಮುಂದೆ ಹಿಡಿದು, "ಎಡಗೈ ಆಗಲ್ಲ, ಆ ಬಟ್ಟೆ ಸುತ್ತಿರೋ ಕೈನೇ ಸುಮ್ನೆ ತಟ್ಟೆಗೆ ಮುಟ್ಟಿಸು, ನಿನ್ ಗಂಡನೇ ಎತ್ತುತ್ತಾನೆ" ಎಂದಳು. ಅಮ್ಮ ತಂಗಿಯನ್ನು ಸೊಂಟಕ್ಕೆ ಎತ್ತಿಕೊಂಡಳು. ನನಗೆ ಸೆರಗು ಹಿಡಿದುಕೊ ಎಂದಳು. ಲಾರಿಯ ಪಕ್ಕದಿಂದ ನಡೆದು, ಗೇಟು ದಾಟಿ, ಬಸ್ಸು ಲಾರಿಗಳ ನಡುವೆ ಹೆದ್ದಾರಿಯನ್ನೂ ದಾಟಿ ಎದುರಿನ ಸೈಕಲ್ ಶಾಪಿನ ಜಗಲಿಯ ಮೇಲೆ ಕೂತಳು. ಶಾಪಿನ ಬಾಷಾ ಸಾಬರು ಟ್ಯೂಬಿಗೆ ಪ್ಯಾಚು ಹಾಕುವುದನ್ನು ನಿಲ್ಲಿಸಿ ಎದ್ದು ಬಂದರು.

"ಏನಕ್ಕಾ, ಮಕ್ಳನ್ ಕಟ್ಕೊಂಡು ಬಿಸ್ಲಲ್ಲಿ ಬಂದ್ರಿ? ಕೈ ಹೆಂಗಿದೆ? ಆ ಸ್ಟೌ ಸವಾಸನೇ ಬೇಡ ಕಣಕ್ಕಾ, ನಮ್ಮನೇವ್ರಿಗೂ ದಿನಾ ಅದೇ ಹೇಳ್ತೀನಿ."

ಎದುರು ಗೇಟಿನಲ್ಲಿ ಅಪ್ಪ ತಟ್ಟೆ ಹಿಡಿದು ಬಂದು ನಿಂತಿದ್ದ. ಕರ್ಪೂರ ಹತ್ತಿತ್ತು. "ಏನೇ ಇದು? ಬೀದೀಲಿ ಮಾನ ಕಳೀತೀಯಾ? ಒಳಗ್ ಬಾ" ಎಂದು ಕೂಗಿದ. ಅಮ್ಮ ಸಾಬರ ಕಡೆಗೇ ತಿರುಗಿ ಮಾತಾಡಿದಳು. ಅವರು ನಿಂತದ್ದು ಎರಡು ಹೆಜ್ಜೆ ಆಚೆ; ಅಮ್ಮನ ದನಿ ಮಾತ್ರ ರಸ್ತೆಯ ಆ ಬದಿಗೂ ಕೇಳುವಂತಿತ್ತು.

"ಸ್ಟೌ ಅಲ್ಲ ಸಾಬ್ರೇ. ಆವತ್ತು ನಮ್ಮನೇಲಿ ಸ್ಟೌ ಹಚ್ಚೇ ಇರ್ಲಿಲ್ಲ. ಪೆಟ್ರೋಲ್ ಸುರ್ದಿದ್ ಎಂಜಿನ್ಗೆ ಕರ್ಪೂರ ತೋರ್ಸು ಅಂತ ನನ್ ಕೈಗ್ ಕೊಟ್ರು. ಬೇಡ ಅಂದೆ. ಕೇಳ್ಲಿಲ್ಲ. ಅದ್ಕೆ ಸುಟ್ಟಿದ್ದು."

ಸಾಬರು ಅಮ್ಮನ ಮುಖ ನೋಡಿದರು, ಆಮೇಲೆ ರಸ್ತೆಯಾಚೆ ನೋಡಿದರು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿದರು. ಪಕ್ಕದ ಕ್ಲಿನಿಕ್ಕಿನ ಬಾಗಿಲಲ್ಲಿ ಕೂತಿದ್ದ ಹೆಂಗಸರು ಎದ್ದು ನಿಂತರು. "ಪಾರ್ವತೀ, ಬಾರೇ" ಎಂದ ಅಪ್ಪ. ಈ ಸಲ ದನಿ ಇಳಿದಿತ್ತು.

"ಅದು ಆರ್ಲಿ. ಆಮೇಲೆ ಬರ್ತೀವಿ" ಎಂದಳು ಅಮ್ಮ.

ಆರತಿಯನ್ನು ಊದಿ ಆರಿಸುವಂತಿಲ್ಲ. ಅಷ್ಟು ಜನ ನೋಡುತ್ತಿರುವಾಗ ಲಾರಿಗೆ ಎತ್ತುವ ಧೈರ್ಯವೂ ಅವನಿಗಿರಲಿಲ್ಲ. ತಟ್ಟೆ ಬಿಸಿಯಾಗುತ್ತಿದ್ದಂತೆ ಬೆರಳು ಬದಲಾಯಿಸುತ್ತ, ಬಟವಾಡಿಯ ಜನರೆಲ್ಲರ ಎದುರು, ತೆರೆದ ಗೇಟಿನ ನಡುವೆ, ಕರ್ಪೂರ ತಾನಾಗಿ ಉರಿದು ಮುಗಿಯುವ ತನಕ ಅಪ್ಪ ನಿಂತೇ ಇದ್ದ. ನಾವು ಕೂತು ನೋಡುತ್ತಿದ್ದೆವು.